ಓದುಗರ ಪ್ರಶ್ನೆಗಳಿಗೆ ಉತ್ತರ: ಸೂರ್ಯ ಮುಳುಗುವ ತನಕ ಇಳಿಯದ ಕೈ

ಕಳೆದ ಸಂಚಿಕೆಯಲ್ಲಿ ಕಷ್ಟಕಾಲದಲ್ಲಿ ನಂಬಿಗಸ್ತರಾಗಿ ಉಳಿಯುವುದರ ಬಗ್ಗೆ ಬರೆದ ಒಂದು ಸಾಲಿಗೆ ಬಂದ ಪತ್ರಗಳು ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು. ಎಲ್ಲಕ್ಕೂ ಉತ್ತರಿಸಲು ಪುಟಗಳು ಸಾಲವು. ಆದ್ದರಿಂದ ಹೀಬ್ರೂ ಧರ್ಮಗ್ರಂಥವನ್ನು, ಅಂದರೆ ನಾವು ಹಳೆಯ ಒಡಂಬಡಿಕೆ ಎಂದು ಕರೆಯುವ ಭಾಗವನ್ನು, ಆಧರಿಸಿ ಉತ್ತರಿಸಬಹುದಾದ ಕೆಲವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನಮ್ಮ ಯಜಮಾನರು ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಮೊದಮೊದಲು ಕಣ್ಣೀರಿಟ್ಟು ಪ್ರಾರ್ಥನೆ ಮಾಡುತ್ತಿದ್ದೆ. ಈಗ ಪ್ರಾರ್ಥನೆಗೆ ಕುಳಿತರೆ ಬಾಯಿಂದ ಬರುವುದು ಜಗಳವೇ. ನೋಡಲು ಬಂದವರು "ಗೊಣಗಬಾರದು, ನಂಬಿಗಸ್ತರಾಗಿರಬೇಕು" ಎಂದು ಹೇಳಿ, ಕಾಫಿ ಕುಡಿದು ಎದ್ದು ಹೋಗುತ್ತಾರೆ. ದೇವರ ಜೊತೆ ಜಗಳವಾಡುವವಳು ನಂಬಿಗಸ್ತಳಲ್ಲವೇ? (ಹಾಸನ ಜಿಲ್ಲೆಯ ಓದುಗರು, ಹೆಸರು ಬೇಡವೆಂದಿದ್ದಾರೆ)

ಉತ್ತರ: ಸಹೋದರಿ, ಜಗಳವಾಡಿದ ಮಾತ್ರಕ್ಕೆ ನೀವು ನಂಬಿಗೆಗೆ ಎರವಾದವರಲ್ಲ. ನಿಮ್ಮ ಸಮಾಧಾನಕ್ಕೆಂದು ಇದನ್ನು ಹೇಳುತ್ತಿಲ್ಲ. ಮೂಲಭಾಷೆಯಲ್ಲಿ ಆ ಪದದ ಸ್ವಭಾವವೇ ಹಾಗಿದೆ.

ನಮ್ಮ ಕನ್ನಡ ಸತ್ಯವೇದದಲ್ಲಿ ನಂಬಿಕೆ, ನಂಬಿಗಸ್ತಿಕೆ ಎಂದು ಓದುವ ಕಡೆಗಳಲ್ಲಿ ಹೀಬ್ರೂವಿನಲ್ಲಿ ಅನೇಕ ಸಲ ಇರುವ ಪದ 'ಎಮುನಾ'. ಅದು ಆಲೆಫ್, ಮೇಮ್, ನೂನ್ ಎಂಬ ಮೂರು ಅಕ್ಷರಗಳ ಧಾತುವಿನಿಂದ ಬಂದದ್ದು. ನಾವು ಪ್ರತಿ ಪ್ರಾರ್ಥನೆಯ ಕೊನೆಗೆ ಹೇಳುವ 'ಆಮೆನ್' ಸಹ ಅದೇ ಬೇರಿನದು. ಕನ್ನಡದಲ್ಲಿ ನಂಬಿಕೆ ಎಂದೊಡನೆ ನಮ್ಮ ಗಮನ ಒಳಗಿನ ಭಾವನೆಯ ಕಡೆಗೆ ಹೋಗುತ್ತದೆ: ಮನಸ್ಸು ಗಟ್ಟಿಯಾಗಿದೆಯೇ, ಸಂಶಯ ಬಂತೇ, ಸಿಟ್ಟು ಬಂತೇ ಎಂದು ಕೆದಕಿ ನೋಡಿಕೊಳ್ಳುತ್ತೇವೆ. ಹೀಬ್ರೂ ಬಲ್ಲವನ ಕಿವಿಗೆ ಆ ಧಾತುವಿನಲ್ಲಿ ಮೊದಲು ಕೇಳಿಸುವುದು ಅಲುಗದಿರುವಿಕೆ. ಗೂಟ ಹೊಡೆಯುವ ಗಟ್ಟಿ ಜಾಗಕ್ಕೆ (ಯೆಶಾಯ 22:23), ಬೇಸಿಗೆಯಲ್ಲೂ ಕೈಬಿಡದ ನೀರಿಗೆ (ಯೆಶಾಯ 33:16) ಈ ಧಾತುವಿನ ವಿಶೇಷಣವನ್ನೇ ಬಳಸಲಾಗಿದೆ. ಧರ್ಮೋಪದೇಶಕಾಂಡ 28:59ರಲ್ಲಿ ವಾಸಿಯಾಗದೆ ವರ್ಷಗಟ್ಟಲೆ ಉಳಿದುಬಿಡುವ ಕಾಯಿಲೆಗೂ ಇದೇ ವಿಶೇಷಣವಿದೆ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಆ ಅರ್ಥದಲ್ಲಿ ನಿಮ್ಮ ಮನೆಯಲ್ಲಿ ಎರಡೂ ಇವೆ: ಬಿಟ್ಟುಹೋಗದ ಕಾಯಿಲೆ, ಬಿಟ್ಟುಹೋಗದ ನೀವು.

'ಎಮುನಾ' ಎಂಬ ಪದ ಸತ್ಯವೇದದಲ್ಲಿ ಮೊಟ್ಟಮೊದಲು ಬರುವುದು ಯಾವುದೋ ಭಕ್ತನ ಅಂತರಂಗದ ವರ್ಣನೆಯಲ್ಲಲ್ಲ, ಒಬ್ಬ ಮುದುಕನ ಸೋತ ತೋಳುಗಳ ವರ್ಣನೆಯಲ್ಲಿ. ವಿಮೋಚನಕಾಂಡ 17ರಲ್ಲಿ ರೆಫೀದೀಮಿನ ಬಳಿ ಅಮಾಲೇಕ್ಯರೊಂದಿಗೆ ಯುದ್ಧ ನಡೆಯುತ್ತದೆ. ಕೆಳಗೆ ಯೆಹೋಶುವನು ಹೋರಾಡುತ್ತಿದ್ದರೆ ಗುಡ್ಡದ ಮೇಲೆ ಇಸ್ರಾಯೇಲ್ಯರ ನಾಯಕನಾದ ಮೋಶೆ ಕೈಯೆತ್ತಿ ನಿಂತಿರುತ್ತಾನೆ. ಕೈ ಎತ್ತಿದಾಗ ಇಸ್ರಾಯೇಲ್ಯರ ಮೇಲುಗೈ, ಇಳಿಸಿದಾಗ ಅಮಾಲೇಕ್ಯರದು. ಕೈಗಳು ಭಾರವಾದವು ಎಂದು ವಚನ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆಗ ಆರೋನ ಮತ್ತು ಹೂರ ಒಂದು ಕಲ್ಲನ್ನು ತಂದು ಅವನ ಕೆಳಗಿಟ್ಟು ಕೂರಿಸುತ್ತಾರೆ, ಒಬ್ಬನು ಈ ಕಡೆ ಇನ್ನೊಬ್ಬನು ಆ ಕಡೆ ನಿಂತು ತೋಳುಗಳಿಗೆ ಆಸರೆಯಾಗುತ್ತಾರೆ, ಮತ್ತು ಸೂರ್ಯ ಮುಳುಗುವ ತನಕ ಅವನ ಕೈಗಳು 'ಎಮುನಾ' ಆಗಿದ್ದವು. ಅಲ್ಲಿ ಆ ಪದವನ್ನು 'ನಂಬಿಕೆ' ಎಂದು ಅನುವಾದಿಸಲು ಬರುವುದೇ ಇಲ್ಲ. 'ಇಳಿಯದೆ ನಿಂತವು' ಎಂದೇ ಹೇಳಬೇಕು. ಆ ಸಂಜೆ ಮೋಶೆಯ ಮನಸ್ಸಿನಲ್ಲಿ ಏನಿತ್ತು ಎಂದು ಗ್ರಂಥ ಒಂದು ಮಾತೂ ಹೇಳುವುದಿಲ್ಲ. ಕಲ್ಲಿನ ಬಗ್ಗೆ ಹೇಳುತ್ತದೆ.

ಇನ್ನು ನಿಮ್ಮ ಜಗಳದ ವಿಷಯ. ಇದೇ ಧಾತುವಿನಿಂದ 'ಓಮೆನ್' ಎಂಬ ಇನ್ನೊಂದು ಪದ ಹುಟ್ಟಿದೆ. ಕೂಸನ್ನು ಎತ್ತಿಕೊಂಡು ಸಾಕುವವನು ಎಂದರ್ಥ, ಹೆಂಗಸಾದರೆ 'ಓಮೆನೆತ್'. ಅರಣ್ಯಕಾಂಡ 11ರಲ್ಲಿ ಜನರ ಅಳುವನ್ನು ಕೇಳಿ ಕೇಳಿ ಸಾಕಾಗಿ ಮೋಶೆ ದೇವರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ: ಇವರನ್ನೆಲ್ಲ ಹೊತ್ತವನು ನಾನೇನು, ಹೆತ್ತವನು ನಾನೇನು, ಸಾಕುವವನು ಮೊಲೆಕೂಸನ್ನು ಎದೆಗವಚಿಕೊಂಡ ಹಾಗೆ ಇವರನ್ನು ಎತ್ತಿಕೊಂಡು ನಡೆಯಲು ನನಗೇಕೆ ಹೇಳಿದೆ, ಹೀಗೆಯೇ ಮಾಡುವುದಾದರೆ ನನ್ನನ್ನು ಕೊಂದುಬಿಡು ಎನ್ನುತ್ತಾನೆ. ಇದಕ್ಕಿಂತ ಕಟುವಾಗಿ ನೀವು ಜಗಳವಾಡಿರಲಾರಿರಿ. ಇದಕ್ಕೆ ದೇವರು ಕೊಟ್ಟ ಉತ್ತರ ಗದರಿಕೆಯಲ್ಲ. ಎಪ್ಪತ್ತು ಮಂದಿ ಹಿರಿಯರನ್ನು ಕೂಡಿಸು, ನೀನೊಬ್ಬನೇ ಹೊರದಂತೆ ಅವರೂ ನಿನ್ನೊಂದಿಗೆ ಹೊರೆ ಹೊರಲಿ ಎಂಬ ಆಜ್ಞೆ. ಹಾಗೆಯೇ ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಬೇತ್ಲೆಹೇಮಿಗೆ ಬರಿಗೈಯಲ್ಲಿ ಹಿಂದಿರುಗಿದ ನೊವೊಮಿ, ಸರ್ವಶಕ್ತನು ನನ್ನ ಬಾಳನ್ನು ಕಹಿ ಮಾಡಿದನು, ನನ್ನನ್ನು 'ಮಾರಾ' (ಕಹಿಯಾದವಳು) ಎಂದೇ ಕರೆಯಿರಿ ಎಂದು ಊರ ಹೆಂಗಸರ ಮುಂದೆ ನೇರವಾಗಿ ದೂರುತ್ತಾಳೆ. ರೂತಳ ಗ್ರಂಥದ ಕೊನೆಯಲ್ಲಿ ಮೊಮ್ಮಗುವನ್ನು ಮಡಿಲಿಗೆ ತೆಗೆದುಕೊಂಡು ಅದಕ್ಕೆ 'ಓಮೆನೆತ್' ಆದವಳು ಅದೇ ನೊವೊಮಿ. ಮೊದಲು ಆಡಿದ ಮಾತನ್ನು ಹಿಂತೆಗೆದುಕೊಳ್ಳಬೇಕೆಂದು ಅವಳನ್ನು ಯಾರೂ ಕೇಳಲಿಲ್ಲ.

ಪ್ರವಾದಿಗಳಲ್ಲಿ ಯೆರೆಮೀಯನು ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ. 15:18ರಲ್ಲಿ ಅವನು ದೇವರಿಗೇ, ನೀನು ನನ್ನ ಪಾಲಿಗೆ ಮೋಸದ ಹಳ್ಳವಾಗಿದ್ದೀ, 'ನೆಎಮನ್' (ಕೈಬಿಡದ್ದು) ಅಲ್ಲದ ನೀರಾಗಿದ್ದೀ ಎನ್ನುತ್ತಾನೆ. ಮಳೆಗಾಲದಲ್ಲಿ ಭೋರ್ಗರೆದು, ಬಾಯಾರಿದವನು ಬೇಸಿಗೆಯಲ್ಲಿ ಬಂದಾಗ ಬರೀ ಮರಳು ತೋರಿಸುವ ಹಳ್ಳದ ಚಿತ್ರ ಅದು. ನಂಬಿಗಸ್ತಿಕೆಗೆ ಯಾವ ಧಾತುವೋ ಅದೇ ಧಾತುವಿನಿಂದ ದೇವರ ಮೇಲೆ ದೂರು ಹೊರಿಸಿದ ಈ ಮನುಷ್ಯ ಆ ಮೇಲೂ ಕೆಲಸ ಬಿಡಲಿಲ್ಲ. ಅವನ ದೂರನ್ನು ಅಳಿಸಿಹಾಕದೆ ಬರೆದಿಟ್ಟುಕೊಂಡವರು, ಅವನನ್ನು ಪ್ರವಾದಿಯೆಂದೇ ಓದಿದರು.

ಹಾಸಿಗೆಯಲ್ಲಿರುವವರ ಮಗ್ಗುಲು ಹೊರಳಿಸಿ, ಬೆನ್ನು ಒರೆಸಿ, ಗಂಜಿ ಕುಡಿಸುವ ನಿಮ್ಮ ಕೈಗಳು ಇಳಿದಿಲ್ಲ. ಹೀಬ್ರೂವಿನಲ್ಲಿ ಅದಕ್ಕೆ ಹೇಳುವ ಪದ ಯಾವುದೆಂದು ಮೇಲೆಯೇ ಹೇಳಿದ್ದೇನೆ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಬೇರೆ ಸಾಲು: ಕಾಫಿ ಕುಡಿದು ಎದ್ದುಹೋಗುವವರದು. ಮೋಶೆಯ ಕೈ ನಿಂತದ್ದು ಅವನ ಮನೋಬಲದಿಂದಲ್ಲ, ಇಬ್ಬರು ಪಕ್ಕದಲ್ಲಿ ನಿಂತದ್ದರಿಂದ. ಈ ಸಂಚಿಕೆಯನ್ನು ನಿಮ್ಮ ಸಭೆಯ ಅಯ್ಯನವರಿಗೆ ತೋರಿಸಿ, ವಾರದಲ್ಲಿ ಎರಡು ರಾತ್ರಿ ನಿಮ್ಮವರ ಬಳಿ ಕೂರಲು ಯಾರನ್ನಾದರೂ ಗೊತ್ತುಮಾಡಿಕೊಡಿ ಎಂದು ಸಂಕೋಚವಿಲ್ಲದೆ ಕೇಳಿ. ಬುದ್ಧಿ ಹೇಳುವವರಿಗಿಂತ ಕಲ್ಲು ತರುವವರು ನಿಮಗೆ ಬೇಕಾಗಿದ್ದಾರೆ.

ಪ್ರಶ್ನೆ: ಯೋಬನ ತಾಳ್ಮೆಯ ಬಗ್ಗೆ ಪ್ರಸಂಗ ಕೇಳಿ ಮನೆಗೆ ಬಂದು ಯೋಬನ ಗ್ರಂಥವನ್ನು ಪೂರ್ತಿ ಓದಿದೆ. ನನಗೆ ತಾಳ್ಮೆ ಎಲ್ಲಿಯೂ ಕಾಣಲಿಲ್ಲ. ಇನ್ನೊಂದು ಗೊಂದಲ: 13:15ರಲ್ಲಿ ನಮ್ಮ ತಾತನ ಹಳೆಯ ಇಂಗ್ಲಿಷ್ ಸತ್ಯವೇದ "ಆತನು ಕೊಂದರೂ ಆತನನ್ನೇ ನಂಬುವೆನು" ಎನ್ನುತ್ತದೆ, ನಾನು ಓದುವ ಹೊಸ ಇಂಗ್ಲಿಷ್ ಭಾಷಾಂತರ "ಕೊಲ್ಲುವನು, ನನಗೆ ನಿರೀಕ್ಷೆಯಿಲ್ಲ" ಎನ್ನುತ್ತದೆ. ಎರಡರಲ್ಲಿ ಒಂದು ಸುಳ್ಳಾಗಿರಬೇಕಲ್ಲ? (ಧಾರವಾಡದ ಕಾಲೇಜು ವಿದ್ಯಾರ್ಥಿ)

ಉತ್ತರ: ಪೂರ್ತಿ ಓದಿದ್ದೀರಿ ಎಂಬುದೇ ಸಂತೋಷದ ಸಂಗತಿ, ಏಕೆಂದರೆ ಯೋಬನನ್ನು ಉದಾಹರಿಸುವವರಲ್ಲಿ ಬಹುಪಾಲು ಮಂದಿ ಎರಡನೆಯ ಅಧ್ಯಾಯಕ್ಕೆ ನಿಲ್ಲಿಸಿ ನೇರವಾಗಿ ನಲವತ್ತೆರಡಕ್ಕೆ ಹಾರುತ್ತಾರೆ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. 'ಯೋಬನ ತಾಳ್ಮೆ' ಎಂಬ ಮಾತು ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆಯಿಂದ (5:11) ಬಂದು ನಮ್ಮ ನಾಲಗೆಯ ಮೇಲೆ ನಿಂತಿದೆ. ಅಲ್ಲಿನ ಗ್ರೀಕ್ ಪದದ ಅರ್ಥವೂ ಸದ್ದಿಲ್ಲದೆ ಸಹಿಸುವುದಕ್ಕಿಂತ ಕಡೆಯವರೆಗೆ ಜಗ್ಗದೆ ನಿಲ್ಲುವುದಕ್ಕೆ ಹತ್ತಿರ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಈ ಗ್ರಂಥದಲ್ಲಿ ಗದ್ಯದ ಚೌಕಟ್ಟು ಮೊದಲ ಎರಡು ಅಧ್ಯಾಯ ಮತ್ತು ಕೊನೆಯ ಹನ್ನೊಂದು ವಚನಗಳಷ್ಟೇ. ನಡುವಿನ ಕಾವ್ಯದಲ್ಲಿ ಅವನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರನ್ನು ನ್ಯಾಯಸ್ಥಾನಕ್ಕೆ ಕರೆಯುತ್ತಾನೆ, ಸ್ನೇಹಿತರನ್ನು ಕೆಲಸಕ್ಕೆ ಬಾರದ ವೈದ್ಯರೆನ್ನುತ್ತಾನೆ.

ಈಗ 13:15. ಹೀಬ್ರೂವಿನಲ್ಲಿ 'ಲೋ' ಎಂದು ಒಂದೇ ರೀತಿ ಉಚ್ಚರಿಸುವ ಎರಡು ಚಿಕ್ಕ ಪದಗಳಿವೆ. ಲಾಮೆದ್ ಅಕ್ಷರದ ಮುಂದೆ ಆಲೆಫ್ ಬರೆದರೆ 'ಇಲ್ಲ', ವಾವ್ ಬರೆದರೆ 'ಅವನಿಗೆ'. ಪರಂಪರೆಯಿಂದ ಬಂದ ಹಸ್ತಪ್ರತಿಯ ಪಾಠದಲ್ಲಿ ಬರೆದಿರುವುದು ಆಲೆಫ್. ಅಂಚಿನಲ್ಲಿ ಲಿಪಿಕಾರರು ಕೊಟ್ಟ ಸೂಚನೆ ವಾವ್ ಎಂದು ಓದಬೇಕೆಂಬುದು. ಅವರು ಒಂದನ್ನು ಅಳಿಸಿ ಇನ್ನೊಂದನ್ನು ಬರೆಯಲಿಲ್ಲ, ಎರಡನ್ನೂ ಉಳಿಸಿದರು. ನಿಮ್ಮ ತಾತನ ಪ್ರತಿ ಅಂಚಿನ ಪಾಠವನ್ನು ಅನುಸರಿಸಿದೆ, ನಿಮ್ಮದು ಸಾಲಿನೊಳಗಿನದನ್ನು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲಿತವಾದ ಯೆಹೂದ್ಯರ ಧರ್ಮಶಾಸ್ತ್ರ ಸಂಗ್ರಹವಾದ ಮಿಷ್ನಾದಲ್ಲಿ ಈ ಚರ್ಚೆ ಆಗಲೇ ದಾಖಲಾಗಿದೆ. ಹುರ್ಕನಸನ ಮಗನಾದ ರಬ್ಬಿ ಯೆಹೋಶುವ ಈ ವಚನವನ್ನು ಹಿಡಿದು, ಯೋಬನು ದೇವರನ್ನು ಸೇವಿಸಿದ್ದು ಭಯದಿಂದಲ್ಲ, ಪ್ರೀತಿಯಿಂದಲೇ ಎಂದು ವ್ಯಾಖ್ಯಾನಿಸಿದರು. ಕೂಡಲೇ ಎದುರು ಮಾತು ಬರುತ್ತದೆ: ತಕ್ಕಡಿ ಇನ್ನೂ ಸಮವಾಗಿದೆಯಲ್ಲ, 'ಆತನಿಗಾಗಿ ಕಾಯುತ್ತೇನೆ' ಎಂದೋ 'ಕಾಯುವುದಿಲ್ಲ' ಎಂದೋ? ಅದಕ್ಕೆ ಅವರು ಈ ವಚನದಿಂದಲ್ಲ, 27:5ರಿಂದ ತೀರ್ಮಾನ ಹೇಳುತ್ತಾರೆ: ಸಾಯುವ ತನಕ ನನ್ನ ಯಥಾರ್ಥತ್ವವನ್ನು ಬಿಟ್ಟುಕೊಡೆನು.

ಎರಡು ಪಾಠಗಳಲ್ಲಿ ಯಾವುದನ್ನು ಹಿಡಿದರೂ ಅದರ ಬೆನ್ನಿಗೇ ಬರುವ ಮಾತು ಬದಲಾಗುವುದಿಲ್ಲ: ನನ್ನ ನಡತೆಯನ್ನು ಆತನ ಮುಖದ ಎದುರಿಗೇ ಸಮರ್ಥಿಸಿಕೊಳ್ಳುವೆನು. ನಿರೀಕ್ಷೆ ಇದ್ದರೂ ಇಲ್ಲದಿದ್ದರೂ ಯೋಬನು ಮುಖ ತಿರುಗಿಸಿಕೊಂಡು ಹೋಗುವುದಿಲ್ಲ. ನನ್ನ ಮಟ್ಟಿಗೆ ಇಡೀ ಗ್ರಂಥದ ಕೀಲು ಇರುವುದು ಇಲ್ಲಿ. ಕೊನೆಯಲ್ಲಿ ದೇವರು ಯೋಬನ ಸ್ನೇಹಿತ ಎಲೀಫಜನಿಗೆ, ನನ್ನ ದಾಸನಾದ ಯೋಬನಂತೆ ನೀವು ಸರಿಯಾದದ್ದನ್ನು ಆಡಲಿಲ್ಲ ಎನ್ನುವಾಗ (42:7) 'ನನ್ನ ವಿಷಯದಲ್ಲಿ' ಎಂದು ಭಾಷಾಂತರವಾಗಿರುವ ಹೀಬ್ರೂ ಪದ 'ಏಲಾಯ್'. ಅದರ ಸಾಮಾನ್ಯ ಅರ್ಥ 'ನನ್ನ ಕಡೆಗೆ', 'ನನ್ನೊಂದಿಗೆ'. ಗ್ರಂಥವನ್ನು ಇನ್ನೊಮ್ಮೆ ತಿರುವಿಹಾಕಿ ನೋಡಿ: ಸ್ನೇಹಿತರು ಮೂವರೂ ದೇವರ ಬಗ್ಗೆ ಪುಟಗಟ್ಟಲೆ ಮಾತಾಡುತ್ತಾರೆ, ಒಬ್ಬನಾದರೂ ದೇವರೊಂದಿಗೆ ಒಂದು ಮಾತು ಆಡುವುದಿಲ್ಲ. ಆಡಿದವನು ಯೋಬ ಒಬ್ಬನೇ. ಆ ಸ್ನೇಹಿತರು ಮಾಡಿದ ಒಳ್ಳೆಯ ಕೆಲಸವೆಂದರೆ ಬಂದವರು ಮೊದಲ ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಪಕ್ಕದಲ್ಲಿ ಬಾಯಿ ಬಿಡದೆ ಕೂತದ್ದು.

ಒಂದು ಲೆಕ್ಕವನ್ನೂ ಗಮನಿಸಿ. ಕಥೆಯ ಕೊನೆಯಲ್ಲಿ ಯೋಬನ ಏಳು ಸಾವಿರ ಕುರಿ ಹದಿನಾಲ್ಕು ಸಾವಿರವಾಗುತ್ತವೆ, ಮೂರು ಸಾವಿರ ಒಂಟೆ ಆರು ಸಾವಿರವಾಗುತ್ತವೆ. ಮಕ್ಕಳು ಮಾತ್ರ ಮೊದಲಿನಷ್ಟೇ, ಹತ್ತು. ಸತ್ತ ಮಕ್ಕಳ ಬದಲಿಗೆ ಇಷ್ಟು ಎಂಬ ಲೆಕ್ಕ ಹಾಕಲು ಕವಿಗೆ ಮನಸ್ಸು ಬರಲಿಲ್ಲವೆಂದು ನಾನು ಓದಿಕೊಳ್ಳುತ್ತೇನೆ.

ಪ್ರಶ್ನೆ: ನಮ್ಮ ಹರಿಶ್ಚಂದ್ರನ ಕಥೆಗೂ ಯೋಬನ ಕಥೆಗೂ ಹೋಲಿಕೆ ಇದೆಯೆನ್ನುತ್ತಾರೆ. ನಿಜವೇ? (ಮೈಸೂರಿನ ನಿವೃತ್ತ ಶಿಕ್ಷಕರು)

ಉತ್ತರ: ಆರಂಭದಲ್ಲಿ ಇದೆ. ಎರಡೂ ಕಡೆ ಮೇಲಿನ ಲೋಕದ ಸಭೆಯಲ್ಲಿ ಒಬ್ಬ ಮನುಷ್ಯನ ಗುಣದ ಬಗ್ಗೆ ವಾದ ಎದ್ದು, ಪರೀಕ್ಷೆ ಅವನ ತಲೆಗೆ ಬರುತ್ತದೆ. ಮುಂದೆ ದಾರಿ ಬೇರೆ. ಹರಿಶ್ಚಂದ್ರನಿಗೆ ತನ್ನನ್ನು ಕಾಡುತ್ತಿರುವವರು ಯಾರೆಂಬುದು ಗೊತ್ತು, ಬಿಟ್ಟುಕೊಡಬಾರದ ಸತ್ಯ ಯಾವುದೆಂಬುದೂ ಗೊತ್ತು. ಹೆಂಡತಿ ಮಗನನ್ನು ಮಾರಿ, ಸುಡುಗಾಡು ಕಾದು, ಕೊಟ್ಟ ಮಾತಿಗೆ ನಿಲ್ಲುತ್ತಾನೆ. ಯೋಬನಿಗೆ ಆ ಸಭೆಯ ಸುದ್ದಿಯನ್ನು ಕಡೆಯವರೆಗೂ ಯಾರೂ ಹೇಳುವುದಿಲ್ಲ, ದೇವರೂ ಹೇಳುವುದಿಲ್ಲ; ಎರಡನೆಯ ಅಧ್ಯಾಯದ ನಂತರ ಸೈತಾನನು ಕಥೆಯಿಂದಲೇ ಮಾಯವಾಗುತ್ತಾನೆ. ಕಾರಣ ತಿಳಿಯದೆ ನಿಲ್ಲುವುದು ಹೇಗೆ ಎಂಬುದು ಯೋಬನ ಪ್ರಶ್ನೆ. ಒಬ್ಬರಿಗಿಂತ ಒಬ್ಬರು ಮೇಲು ಎಂದು ತೂಗಲು ಹೋಗುವುದು ಇಬ್ಬರಿಗೂ ಅನ್ಯಾಯ.

ಪ್ರಶ್ನೆ: ಮಗನಿಗೆ ಕೆಲಸ ಹೋಗಿ ಒಂದೂವರೆ ವರ್ಷವಾಯಿತು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಯೆರೆಮೀಯ 29:11, ಅಂದರೆ "ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವ ಆಲೋಚನೆ ನನಗಿದೆ" ಎಂಬ ಅರ್ಥದ ವಾಗ್ದಾನ ಇದೆ. ಪ್ರತಿದಿನ ಓದುತ್ತೇವೆ. ಏನೂ ಆಗುತ್ತಿಲ್ಲ. ನಮ್ಮ ನಂಬಿಕೆಯಲ್ಲೇ ಕೊರತೆಯೇ? (ಬೆಂಗಳೂರಿನ ಓದುಗರು)

ಉತ್ತರ: ಕೊರತೆ ಕ್ಯಾಲೆಂಡರಿನಲ್ಲಿದೆ. ಅದು ಹನ್ನೊಂದನೆಯ ವಚನವನ್ನು ಅಚ್ಚುಮಾಡಿ ಹತ್ತನೆಯದನ್ನು ಬಿಟ್ಟಿದೆ. ಅಲ್ಲಿರುವುದು ಎಪ್ಪತ್ತು ವರ್ಷ ಎಂಬ ಮಾತು.

ಅದು ಒಂದು ಕಾಗದ, ನಿಜವಾಗಿ ಅಂಚೆಯಂತೆ ಸಾಗಿದ ಕಾಗದ. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ಹಿಡಿದು, ಎಳೆಯ ಅರಸನಾದ ಯೆಹೋಯಾಖೀನನನ್ನೂ ಅವನೊಂದಿಗೆ ಅಧಿಕಾರಿಗಳನ್ನೂ ಕಮ್ಮಾರರನ್ನೂ ಬಾಬೆಲಿಗೆ ಒಯ್ದ. ಊರಿನಲ್ಲಿ ಉಳಿದ ಯೆರೆಮೀಯನು, ಯೆಹೋಯಾಖೀನನ ಜಾಗಕ್ಕೆ ಬಂದ ಅರಸ ಚಿದ್ಕೀಯನ ದೂತರ ಕೈಯಲ್ಲಿ ಅವರಿಗೆ ಈ ಕಾಗದ ಕಳುಹಿಸಿದ. ಅದೇ ಹೊತ್ತಿನಲ್ಲಿ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲರೂ ಹಿಂದಿರುಗುತ್ತಾರೆಂದು ಸಾರಿ, ಯೆರೆಮೀಯನು ಬಾಬೆಲಿನ ಅಧೀನತೆಯ ಗುರುತಾಗಿ ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಜನರೆದುರಿಗೆ ಮುರಿದುಹಾಕಿದ್ದ. ಅವನಿಗೆ ಯೆರೆಮೀಯ ಕೊಟ್ಟ ಮೊದಲ ಉತ್ತರ "ಆಮೆನ್, ಯೆಹೋವನು ಹಾಗೆಯೇ ಮಾಡಲಿ" ಎಂದು. ತಾನೂ ಅದನ್ನೇ ಬಯಸಿದ್ದ. ಬಯಸಿದ್ದನ್ನೇ ವಾಗ್ದಾನವೆಂದು ಹೇಳಲು ಮಾತ್ರ ಒಪ್ಪಲಿಲ್ಲ.

ಎಪ್ಪತ್ತು ವರ್ಷವೆಂದರೆ ಕಾಗದವನ್ನು ಕೈಯಲ್ಲಿ ಹಿಡಿದು ಓದಿದವರಲ್ಲಿ ಬಹುತೇಕ ಯಾರೂ ಊರಿಗೆ ಹಿಂದಿರುಗುವುದಿಲ್ಲ ಎಂದರ್ಥ. ಆದ್ದರಿಂದಲೇ ಹನ್ನೊಂದನೆಯ ವಚನಕ್ಕಿಂತ ಮೊದಲು ಐದರಿಂದ ಏಳರವರೆಗಿನ ವಚನಗಳಿವೆ: ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಾ ಕೂರಬೇಡಿ ಎಂಬುದು ಅದರ ತಾತ್ಪರ್ಯ.

ಅವರು ಹಾಗೆಯೇ ಬದುಕಿದರೆಂಬುದಕ್ಕೆ ಮಣ್ಣಿನ ಸಾಕ್ಷಿ ಸಿಕ್ಕಿದೆ. ಬಾಬೆಲಿನ ಅರಮನೆಯ ಅವಶೇಷಗಳಲ್ಲಿ ದೊರೆತ ಜೇಡಿಮಣ್ಣಿನ ಹಲಗೆಗಳಲ್ಲಿ ಯೆಹೂದದ ಅರಸ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಅಳೆದುಕೊಟ್ಟ ಎಣ್ಣೆಯ ಲೆಕ್ಕವಿದೆ. 2014ರಲ್ಲಿ ಪ್ರಕಟವಾದ ಇನ್ನೊಂದು ಹಲಗೆಗಳ ಗುಂಪು 'ಆಲ್-ಯಾಹುದು' ಎಂಬ ಹಳ್ಳಿಯದು. ನಮ್ಮ ಮಾತಿನಲ್ಲಿ 'ಯೆಹೂದಪುರ' ಎನ್ನಬಹುದು. ಕ್ರಿ.ಪೂ. 572ರಿಂದ ಸುಮಾರು ನೂರು ವರ್ಷಗಳ ಕಾಲದ ಆ ಬರಹಗಳಲ್ಲಿ ಬಾರ್ಲಿ, ಖರ್ಜೂರ, ಸಾಲ, ಗೇಣಿ ಇವುಗಳದ್ದೇ ಮಾತು. ಭಕ್ತಿಯ ಒಂದು ಸಾಲೂ ಇಲ್ಲ. ಆದರೆ ಹೆಸರುಗಳನ್ನು ನೋಡಿ: ಪರದೇಶದಲ್ಲಿ, ಪರರ ಲಿಪಿಯಲ್ಲಿ ಬರೆದ ಗೇಣಿಪತ್ರಗಳಲ್ಲಿ ಆ ಒಕ್ಕಲಿಗರಲ್ಲಿ ಅನೇಕರ ಹೆಸರಿನೊಳಗೆ ತಮ್ಮ ದೇವರ ಹೆಸರು ಪೀಳಿಗೆಯಿಂದ ಪೀಳಿಗೆಗೆ ಉಳಿದುಬಂದಿದೆ.

ನಿಮ್ಮ ಮಗನಿಗೆ ಕೆಲಸ ಯಾವಾಗ ಸಿಗುತ್ತದೆಂದು ಆ ವಚನ ಹೇಳುವುದಿಲ್ಲ. ಹೇಳುತ್ತದೆಂದು ನಾನೂ ನಟಿಸಲಾರೆ. ಯೆರೆಮೀಯನೇ, ಬಾಬೆಲಿನವರು ಯೆರೂಸಲೇಮಿಗೆ ಮತ್ತೆ ಹಾಕಿದ ಮುತ್ತಿಗೆಯ ಕಾಲದಲ್ಲಿ, ತಾನು ಸೆರೆಮನೆಯ ಅಂಗಳದಲ್ಲಿದ್ದಾಗ, ಚಿಕ್ಕಪ್ಪನ ಮಗ ಹನಮೇಲನಿಂದ ಅನಾತೋತಿನ ಹೊಲವನ್ನು ಹದಿನೇಳು ಶೇಕೆಲ್ ಬೆಳ್ಳಿಗೆ ಕೊಂಡ. ಶತ್ರುಸೈನ್ಯ ಬೀಡುಬಿಟ್ಟ ಸೀಮೆಯಲ್ಲಿ ದುಡ್ಡು ಕೊಟ್ಟು ಜಮೀನು ಕೊಳ್ಳುವವನನ್ನು ನಮ್ಮೂರಲ್ಲಿ ಏನೆನ್ನುತ್ತಾರೋ ಹೇಳಬೇಕಿಲ್ಲ. ಅವನು ಬೆಳ್ಳಿಯನ್ನು ತೂಗಿಕೊಟ್ಟ, ಸಾಕ್ಷಿಗಳ ರುಜು ಹಾಕಿಸಿದ, ಮುದ್ರೆ ಹಾಕಿದ ಕ್ರಯಪತ್ರವನ್ನೂ ತೆರೆದ ಪ್ರತಿಯನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಪಾತ್ರೆಯಲ್ಲಿ ಇಡಲು ತನ್ನ ಲಿಪಿಕಾರ ಬಾರೂಕನಿಗೆ ಹೇಳಿದ. ಎಲ್ಲ ಮುಗಿದ ಮೇಲೆ ದೇವರ ಮುಂದೆ ಕುಳಿತು, ಪಟ್ಟಣ ಕಸ್ದೀಯರ (ಬಾಬೆಲಿನವರ) ವಶವಾಗುತ್ತಿರುವಾಗ ಹೊಲ ಕೊಳ್ಳೆಂದು ನನಗೆ ಹೇಳಿದೆಯಲ್ಲಾ ಎಂದು ಗೊಂದಲಪಟ್ಟ. ಕೆಲಸ ಮೊದಲು, ಗೊಂದಲ ಆಮೇಲೆ. ನಿಮ್ಮ ಮಗನಿಗೆ ಕ್ಯಾಲೆಂಡರಿನ ಬದಲು ಈ 32ನೆಯ ಅಧ್ಯಾಯವನ್ನು ಓದಲು ಕೊಡಿ.

ಪ್ರಶ್ನೆ: ಪ್ರಲಾಪಗಳ ಗ್ರಂಥದಲ್ಲಿ "ಆತನ ಕೃಪೆ ಪ್ರತಿ ಮುಂಜಾನೆ ಹೊಸದು" ಎಂಬ ಒಂದು ಭಾಗ ಬಿಟ್ಟರೆ ಉಳಿದದ್ದೆಲ್ಲ ಅಳುವೇ. ಅದನ್ನು ಏಕೆ ಓದಬೇಕು? (ಬೀದರಿನ ಓದುಗರು)

ಉತ್ತರ: ಆ ಒಂದು ಭಾಗ ಎಲ್ಲಿದೆ ಎಂದು ನೋಡಿದರೆ ಉತ್ತರ ಸಿಗುತ್ತದೆ. ಕ್ರಿ.ಪೂ. 586ರಲ್ಲಿ ಯೆರೂಸಲೇಮು ಸುಟ್ಟುಹೋದ ಮೇಲೆ ಹುಟ್ಟಿದ ಐದು ಹಾಡುಗಳಿವು. ಹೀಬ್ರೂ ಅಕ್ಷರಗಳು 22. ಮೊದಲ ನಾಲ್ಕು ಹಾಡುಗಳು ಆ ಅಕ್ಷರಮಾಲೆಯ ಕ್ರಮದಲ್ಲಿ ಸಾಗುತ್ತವೆ, ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಸಾಲುಗಳಂತೆ 66 ವಚನಗಳು. ಮಾತೇ ಹೊರಡದ ದುಃಖದಲ್ಲಿ ಕವಿ ಅಕ್ಷರಮಾಲೆಯನ್ನು ಕೋಲಿನಂತೆ ಊರಿಕೊಂಡು ನಡೆದಿದ್ದಾನೆ. ಐದನೆಯ ಹಾಡಿನಲ್ಲಿ ವಚನಗಳು 22 ಇವೆ, ಅಕ್ಷರಕ್ರಮ ಮಾತ್ರ ಬಿಟ್ಟುಹೋಗಿದೆ, ಕೋಲೂ ಕೈಜಾರಿದಂತೆ. "ನಿನ್ನ ಎಮುನಾ ದೊಡ್ಡದು" ಎಂಬ ಮಾತು ಬರುವುದು ಮೂರನೆಯ ಹಾಡಿನ 23ನೆಯ ವಚನದಲ್ಲಿ, ಎಂದರೆ ಗ್ರಂಥದ ನಡುಮಧ್ಯದ ಹತ್ತಿರ, ಕೊನೆಯಲ್ಲಲ್ಲ. ಅದನ್ನು ಹೇಳಿದ ಅದೇ ಬಾಯಿ ಆರು ವಚನಗಳ ನಂತರ "ಬಹುಶಃ ನಿರೀಕ್ಷೆ ಇದ್ದೀತು" ಎಂದು ಧ್ವನಿ ತಗ್ಗಿಸುತ್ತದೆ, 44ರಲ್ಲಿ "ಪ್ರಾರ್ಥನೆ ದಾಟದಂತೆ ಮೋಡ ಹೊದ್ದುಕೊಂಡಿದ್ದೀ" ಎಂದು ಮತ್ತೆ ದೂರುತ್ತದೆ. ಆ 'ಬಹುಶಃ' ನನಗೆ ಬಹಳ ಪ್ರಿಯವಾದ ಪದ. ಅದನ್ನು ಅಳಿಸಿ ಓದುವ ಪ್ರಸಂಗಗಳು ನನಗೆ ಹಿಡಿಸುವುದಿಲ್ಲ.

ಯೆಹೂದ್ಯರು ವರ್ಷಕ್ಕೊಮ್ಮೆ, ಆವ್ ತಿಂಗಳ ಒಂಬತ್ತನೆಯ ದಿನ, ದೀಪ ತಗ್ಗಿಸಿ ನೆಲದ ಮೇಲೆ ಕುಳಿತು ಇದನ್ನು ಪೂರ್ತಿ ಓದುತ್ತಾರೆ. ಗ್ರಂಥದ ಕೊನೆಯ ವಚನ ದೇವರ ಕೋಪದಲ್ಲಿ ನಿಲ್ಲುವುದರಿಂದ, ಅದರ ಹಿಂದಿನ "ನಮ್ಮನ್ನು ತಿರುಗಿಸು, ತಿರುಗುವೆವು" ಎಂಬ ವಚನವನ್ನು ಎಲ್ಲರೂ ಕೂಡಿ ಮತ್ತೊಮ್ಮೆ ಹೇಳಿ ಮುಗಿಸುವುದು ವಾಡಿಕೆ. ಒಬ್ಬನ ಬಾಯಿಂದ ಬಾರದ ಮಾತನ್ನು ಕುಳಿತವರೆಲ್ಲ ಸೇರಿ ಹೇಳುತ್ತಾರೆ.

ಪ್ರಶ್ನೆ: ನಮ್ಮ ಅಡಿಕೆ ತೋಟಕ್ಕೆ ಹಳದಿ ಎಲೆ ರೋಗ ಬಂದು ಆರು ವರ್ಷವಾಯಿತು. ಸುಗ್ಗಿಯ ಸ್ತೋತ್ರದ ಆರಾಧನೆಯಲ್ಲಿ ಪ್ರತಿ ಸಲ ಹಬಕ್ಕೂಕನ ಮೂರನೆಯ ಅಧ್ಯಾಯ ಓದಿಸುತ್ತಾರೆ: ಅಂಜೂರ ಚಿಗುರದಿದ್ದರೂ ಉಲ್ಲಾಸಿಸುವೆನು ಎಂದು. ಪ್ರಾಮಾಣಿಕವಾಗಿ ಹೇಳುವುದಾದರೆ ನನಗೆ ಉಲ್ಲಾಸವಿಲ್ಲ. ಹೇಗೆ ಓದಲಿ? (ಕೊಪ್ಪ ತಾಲ್ಲೂಕಿನ ಬೆಳೆಗಾರರು)

ಉತ್ತರ: ಒಂದು ವಚನ ಹಿಂದಿನಿಂದ ಓದಿ. 3:16ರಲ್ಲಿ ಹಬಕ್ಕೂಕನಿಗೆ ಹೊಟ್ಟೆಯಲ್ಲಿ ನಡುಕ ಹುಟ್ಟಿದೆ, ತುಟಿ ಅದುರುತ್ತಿದೆ, ಮೂಳೆಗಳಿಗೆ ಕೊಳೆ ಹತ್ತಿದಂತಾಗಿದೆ. ಉಲ್ಲಾಸದ ಮಾತನ್ನು ಆಡುವವನು ಈ ಸ್ಥಿತಿಯಲ್ಲಿರುವ ಮನುಷ್ಯ.

ಆಮೇಲೆ ಅವನ ಪಟ್ಟಿಯನ್ನು ಬೆಳೆಗಾರರ ಕಣ್ಣಿನಿಂದ ನೋಡಿ. ಅಂಜೂರ, ದ್ರಾಕ್ಷಿ, ಎಣ್ಣೆಮರ (ಆಲಿವ್), ಹೊಲದ ಧಾನ್ಯ, ಕುರಿ, ದನ: ಹಣ್ಣಿನಿಂದ ತೊಡಗಿ ಅನ್ನಕ್ಕೆ, ಅನ್ನದಿಂದ ಕೊಟ್ಟಿಗೆಗೆ ಒಂದೊಂದಾಗಿ ಕೈಬಿಡುತ್ತಾ ಬರುತ್ತದೆ. ಎಣ್ಣೆಮರಕ್ಕೆ ಅವನು ಬಳಸಿದ ಕ್ರಿಯಾಪದ 'ಕಿಹೇಶ್', ಎಂದರೆ ಸುಳ್ಳಾಡಿತು, ವಂಚಿಸಿತು. ಭಾಷಾಂತರಗಳಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ; ಆದರೆ "ಈ ವರ್ಷ ಫಸಲು ಕೈಕೊಟ್ಟಿತು" ಎಂದು ದಿನವೂ ಹೇಳುವ ನಿಮಗೆ ಅದನ್ನು ವಿವರಿಸಬೇಕಾಗಿಲ್ಲ. ವರ್ಷಗಟ್ಟಲೆ ದುಡಿದವನಿಗೆ ಮರವೇ ಮಾತು ತಪ್ಪಿದೆ. ಅದರ ಎದುರಿಗೆ 2:4ರಲ್ಲಿ ಅವನು ಕೇಳಿಸಿಕೊಂಡ ಮಾತಿದೆ: ನೀತಿವಂತನು ತನ್ನ ಎಮುನಾದಿಂದ ಬದುಕುವನು. ಅದರ ಹಿಂದಿನ ವಚನ, ತಡವಾದರೂ ಕಾದಿರು ಎನ್ನುತ್ತದೆ.

1947ರಲ್ಲಿ ಮೃತಸಮುದ್ರದ ಬಳಿಯ ಕುಮ್ರಾನಿನ ಗುಹೆಯೊಂದರಲ್ಲಿ ಸಿಕ್ಕ ಸುರುಳಿಗಳಲ್ಲಿ ಹಬಕ್ಕೂಕನ ಮೇಲಿನ ವ್ಯಾಖ್ಯಾನವೂ ಒಂದು. ಆ 'ಕಾದಿರು' ಎಂಬ ವಚನಕ್ಕೆ ವ್ಯಾಖ್ಯಾನ ಬರೆದವರು ಕೊಟ್ಟ ಅರ್ಥ ಇಷ್ಟು: ಅಂತ್ಯಕಾಲವು ಮುಂದೆ ಮುಂದೆ ಹೋಗುತ್ತಿರುವಾಗಲೂ ಸತ್ಯದ ಸೇವೆಯಲ್ಲಿ ಯಾರ ಕೈಗಳು ಸಡಿಲವಾಗುವುದಿಲ್ಲವೋ ಅವರನ್ನು ಕುರಿತದ್ದು. ಇಲ್ಲಿಯೂ ಕೈಯ ಮಾತೇ, ಹಾಸನದ ಸಹೋದರಿಗೆ ಬರೆದ ಮೋಶೆಯ ಕೈಯ ಹಾಗೆ. ರೋಗ ತಗಲಿದ ಮರಗಳ ಬುಡಕ್ಕೂ ಗೊಬ್ಬರ ಹಾಕಿ, ಉಳಿದವುಗಳ ನಡುವೆ ಕಾಫಿಯನ್ನೋ ಮೆಣಸನ್ನೋ ಬೆಳೆಸಲು ನೋಡುವ ನಿಮಗೆ ಉಲ್ಲಾಸ ಬಾರದಿದ್ದರೆ ಅದನ್ನು ಅಪರಾಧವೆಂದುಕೊಳ್ಳಬೇಡಿ.

ಇನ್ನೊಂದು ವಿಷಯ, ಓದಿಸುವವರು ಸಾಮಾನ್ಯವಾಗಿ ನುಂಗಿಬಿಡುವುದು. ಈ ಗ್ರಂಥದ ಕಟ್ಟಕಡೆಯ ಸಾಲು ಪ್ರವಾದಿಯ ಮಾತಲ್ಲ, ಹಾಡುಗಾರರಿಗೆ ಬರೆದ ಸೂಚನೆ: ಪ್ರಧಾನ ಗಾಯಕನಿಗೆ, ನನ್ನ ತಂತಿವಾದ್ಯಗಳೊಡನೆ. ತುಟಿ ಅದುರುತ್ತಿದ್ದವನು ತನ್ನ ಹಾಡನ್ನು ತಾನೊಬ್ಬನೇ ಹಾಡಲು ಇಟ್ಟುಕೊಳ್ಳದೆ ಬೇರೆಯವರ ಕೈಗೆ ಕೊಟ್ಟಿದ್ದಾನೆ. ಈ ಸಲದ ಆರಾಧನೆಯಲ್ಲಿ ಆ ಪಾಠವನ್ನು ಎದ್ದುನಿಂತು ಓದುವ ಕೆಲಸವನ್ನು ಫಸಲು ಚೆನ್ನಾಗಿ ಬಂದವರೊಬ್ಬರು ವಹಿಸಿಕೊಳ್ಳಲಿ. ನೀವು ಕುಳಿತು ಕೇಳಿ.